ಸೆರಾಮಿಕ್ ನಾರೂ ಸವೆಯುತ್ತದೆ: ಒಂದು ಸ್ಪಷ್ಟನೆ

ಬೆಂಗಳೂರಿನ ಎಂಜಿನಿಯರಿಂಗ್ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ‘ಜೆಟ್ ಎಂಜಿನ್ನಿನ ಸಿಲಿಕಾನ್ ಕಾರ್ಬೈಡ್ ನಾರಿಗೆ ತುಕ್ಕೇ ಇಲ್ಲ. ನಮ್ಮ ಬೆಂಗಳೂರಲ್ಲೇ ಹುಟ್ಟಿದ ರಾಮನ್ ವಿಧಾನದಲ್ಲಿ ಲೇಸರ್ ಬಿಟ್ಟರೆ ಅದರ ಆಯಸ್ಸೂ ಗೊತ್ತಾಗುತ್ತೆ’ ಅಂತ. ಅರ್ಧ ನಿಜ, ಉಳಿದದ್ದು ಸುಮ್ನೆ ಸೇರಿಸಿದ್ದು.

ಸಿಲಿಕಾನ್ ಕಾರ್ಬೈಡ್ ಒಂದು ಸೆರಾಮಿಕ್, ಅದಕ್ಕೆ ಕೆಂಪು ತುಕ್ಕು ಹಿಡಿಯುವುದಿಲ್ಲ, ಸರಿ. ಆದರೆ ಬಿಸಿಯಲ್ಲಿ ಆಮ್ಲಜನಕ ತಾಗಿ ಮೇಲೆ ಸಿಲಿಕಾ (ಸಿಲಿಕಾನ್ ಆಕ್ಸೈಡ್) ಪದರ ಕಟ್ಟುತ್ತದೆ. ಆ ಪದರವೇ ನಾರನ್ನು ಕಾಪಾಡುವುದು. ತೊಂದರೆ ನೀರಾವಿಯದು. 1200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಸಿಲಿಕಾವನ್ನು ಆವಿ ಮಾಡಿ ಹೊತ್ತೊಯ್ಯುತ್ತದೆ. ಕರಗಿದ ಸೋಡಿಯಂ ಉಪ್ಪು ಬಿದ್ದರೆ ಇನ್ನೂ ಕಡಿಮೆ ಬಿಸಿಗೇ ಪದರ ಹೋಗುತ್ತದೆ. ನಾರಿನ ದಪ್ಪವೋ, ಬರೀ 10–15 ಮೈಕ್ರಾನ್, ಕೂದಲಿಗಿಂತ ತೆಳು. ಸವೆಯಲು ಜಾಸ್ತಿ ಏನಿದೆ, ಅಲ್ವಾ?

ಇನ್ನು ಲೇಸರ್, ಅಂದರೆ ರಾಮನ್ ವಿಧಾನ. ನಾರಿನ ಮೇಲೆ ಮೈಕ್ರಾನ್ ಅಗಲದ ಚುಕ್ಕಿ ಬಿಟ್ಟು, ಚದುರಿದ ಬೆಳಕಿನ ಗ್ರಾಫ್ ನೋಡುತ್ತಾರೆ. ಗ್ರಾಫಿನ ಅಡ್ಡಗೆರೆಯ ಅಳತೆ cm⁻¹ನಲ್ಲಿ; 796ರ ಹತ್ತಿರ ಸಿಲಿಕಾನ್ ಕಾರ್ಬೈಡಿನ ಏರು, 1350 ಮತ್ತು 1600ರ ಹತ್ತಿರ ನಾರಿನಲ್ಲೇ ಇರುವ ಬಿಡಿ ಇಂಗಾಲದ್ದು. ಇಂಗಾಲ ಸುಟ್ಟುಹೋದರೆ ಆ ಎರಡೂ ತಗ್ಗುತ್ತವೆ. ಹರಳಾಗದ ಸಿಲಿಕಾ ಮಾತ್ರ ಇದರಲ್ಲಿ ಮಂಕು. ಅದಕ್ಕೆ ಇನ್‌ಫ್ರಾರೆಡ್ ಬೆಳಕಿನ ಪರೀಕ್ಷೆ ವಾಸಿ. ಆಯಸ್ಸಂತೂ ಯಾವ ಗ್ರಾಫಿನಲ್ಲೂ ಬರೆದಿರುವುದಿಲ್ಲ. ನಾರನ್ನು ಎಳೆದು ಬಲ ನೋಡಲೇಬೇಕು.

ಅಂದ ಹಾಗೆ, ಈ ವಿಧಾನ ಬೆಂಗಳೂರಲ್ಲಿ ಹುಟ್ಟಿದ್ದಲ್ಲ: ಇದಕ್ಕೆ ಆಧಾರವಾದ ರಾಮನ್ ಪರಿಣಾಮ ಕಂಡದ್ದು 1928ರಲ್ಲಿ, ಕಲ್ಕತ್ತೆಯಲ್ಲಿ. ಸಿ.ವಿ. ರಾಮನ್ ಬೆಂಗಳೂರಿಗೆ ಬಂದದ್ದು 1933ರಲ್ಲಿ.