ಅಳಬೇಡಿ, ಒಪ್ಪಿಕೊಳ್ಳಿ

ಫ್ರಾನ್ಸ್‌ನ ಗಾಯಕ ಷಾರ್ಲ್ ಅಜ್ನವೂರ್ 1964ರಲ್ಲಿ ‘ಇಯೆರ್ ಆಂಕೋರ್’ ಎಂಬ ಫ್ರೆಂಚ್ ಹಾಡನ್ನು ಹಾಡಿದಾಗ ಅವರಿಗೆ ನಲವತ್ತರ ಆಸುಪಾಸು. ನಿನ್ನೆ ಮೊನ್ನೆಯವರೆಗೂ ಇಪ್ಪತ್ತರ ಹುಡುಗನಾಗಿದ್ದೆ ಎಂದು ಹಾಡು ಶುರುವಾಗುತ್ತದೆ. ನಲವತ್ತಕ್ಕೇ ಇಷ್ಟೊಂದು ಹಳಹಳಿಕೆಯೇ ಎಂದು ನಗಬಹುದು. ನನ್ನ ಪ್ರಕಾರ ಈ ಹಾಡಿಗೆ ಅದೇ ತಕ್ಕ ವಯಸ್ಸು. ಎಂಬತ್ತರವರು ಹಾಡಿದರೆ ಕೇಳುಗರು ‘ಅಯ್ಯೋ ಪಾಪ’ ಎಂದುಬಿಡುತ್ತಾರೆ. ಹಾಡಿನೊಳಗಿನ ಮನುಷ್ಯ ಆ ಕನಿಕರಕ್ಕೆ ಯೋಗ್ಯನಲ್ಲ. ಅವನ ಯೌವನವನ್ನು ಯಾರೂ ಕಸಿದುಕೊಂಡಿಲ್ಲ, ದುಂದು ಮಾಡಿದವನು ಅವನೇ. ಬಾಯಿ ಬಿಟ್ಟರೆ ತನ್ನ ಬಗ್ಗೆಯೇ ಮಾತಾಡಿದವನು ಅವನೇ.

ಹರ್ಬರ್ಟ್ ಕ್ರೆಟ್ಜ್‌ಮರ್ ಇಂಗ್ಲಿಷ್ ಸಾಹಿತ್ಯ ಬರೆದುಕೊಟ್ಟ ಮೇಲೆ ‘ಯೆಸ್ಟರ್‌ಡೇ, ವೆನ್ ಐ ವಾಸ್ ಯಂಗ್’ ಎಂಬ ಹೆಸರಿನಲ್ಲಿ ಇದು ಕಂಠದಿಂದ ಕಂಠಕ್ಕೆ ಓಡಾಡಿತು. ಷರ್ಲಿ ಬ್ಯಾಸಿ ಹಾಡಿದರು, ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಹಾಡಿದರು. ದೊಡ್ಡ ಕಂಠದವರಿಗೆ ಈ ಹಾಡು ಒಂದು ಆಮಿಷ. ಒಂದೇ ಸ್ವರಗುಚ್ಛ ಪ್ರತಿ ಸಲವೂ ಒಂದೊಂದು ಮೆಟ್ಟಿಲು ಕೆಳಗಿಳಿದು ಮರುಕಳಿಸುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ನಿಂತು ಒಂದು ನಿಟ್ಟುಸಿರು ಬಿಡಬೇಕು ಎನಿಸುವುದು ಸಹಜ. ಬಿಟ್ಟರೆ ಹಾಡು ಕೆಟ್ಟಿತು. ತಪ್ಪೊಪ್ಪಿಗೆ ಹೋಗಿ ಗೋಳು ಉಳಿಯುತ್ತದೆ.

ಆ ಆಮಿಷಕ್ಕೆ ಬೀಳದವರು ರಾಯ್ ಕ್ಲಾರ್ಕ್. ಅಮೆರಿಕದ ಹಳ್ಳಿಗಾಡಿನ ಶೈಲಿಯಾದ ಕಂಟ್ರಿ ಸಂಗೀತದ ಗಾಯಕ, ಗಿಟಾರ್ ವಾದಕ, 1969ರಲ್ಲಿ ಶುರುವಾದ ‘ಹೀ ಹಾ’ ಎಂಬ ಟಿವಿ ಹಾಸ್ಯ ಕಾರ್ಯಕ್ರಮದ ನಿರೂಪಕರಲ್ಲೊಬ್ಬರು. ಜನರನ್ನು ನಗಿಸುತ್ತಿದ್ದ ಆ ವರ್ಷವೇ ಅವರು ಹಾಡಿದ ಈ ಹಾಡಿನ ಧ್ವನಿಮುದ್ರಿಕೆ ಅಮೆರಿಕದಲ್ಲಿ ಗೆದ್ದಿತು. ವಾದ್ಯವೃಂದ ಅಲ್ಲಿಯೂ ಇದೆ. ಆದರೆ ಕ್ಲಾರ್ಕ್ ಎದುರಿಗೆ ಕುಳಿತು ಲೆಕ್ಕ ಒಪ್ಪಿಸುವವರಂತೆ ಹಾಡುತ್ತಾರೆ, ರಿಯಾಯಿತಿ ಕೇಳುವುದಿಲ್ಲ.

ಬೇಸ್‌ಬಾಲ್ ದಿಗ್ಗಜ ಮಿಕಿ ಮ್ಯಾಂಟಲ್ ತನ್ನ ಅಂತ್ಯಕ್ರಿಯೆಯಲ್ಲಿ ಇದನ್ನೇ ಹಾಡಬೇಕೆಂದು ಕ್ಲಾರ್ಕ್ ಅವರನ್ನು ಕೇಳಿಕೊಂಡಿದ್ದುದು ಸುಮ್ಮನೆ ಅಲ್ಲ. ದಶಕಗಳ ಕುಡಿತದಿಂದ ಯಕೃತ್ತು ಕೈಕೊಟ್ಟು, 1995ರ ಜೂನ್‌ನಲ್ಲಿ ಕಸಿ ಮಾಡಿಸಿಕೊಂಡಿದ್ದ ಮ್ಯಾಂಟಲ್, ನನ್ನಂತೆ ಆಗಬೇಡಿ ಎಂದು ಪತ್ರಕರ್ತರ ಮುಂದೆ ನೇರವಾಗಿ ಹೇಳಿದ್ದರು. ಆಗಸ್ಟ್‌ನಲ್ಲಿ ತೀರಿಕೊಂಡರು. ಡಲ್ಲಾಸ್‌ನಲ್ಲಿ ಕ್ಲಾರ್ಕ್ ಕೊಟ್ಟ ಮಾತಿನಂತೆ ಹಾಡಿದರು. ಹೊಗಳಿಕೆಯೇ ತುಂಬಿರುವ ಇಂಥ ಸಭೆಗಳಲ್ಲಿ ಸತ್ತವನ ಪರವಾಗಿ ತಪ್ಪೊಪ್ಪಿಕೊಳ್ಳುವ ಹಾಡು! ಆ ಧೈರ್ಯ ಎಷ್ಟು ಜನಕ್ಕಿದೆ?

ಅಜ್ನವೂರ್ ಅಂತೂ 2018ರಲ್ಲಿ, ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲೂ ವೇದಿಕೆಯ ಮೇಲೆ ಇದನ್ನು ಹಾಡುತ್ತಿದ್ದರು. ಸಭಿಕರು ಮೊದಲ ಸಾಲಿಗೇ ಕರಗುತ್ತಿದ್ದರು. ಆ ವಿಡಿಯೊಗಳನ್ನು ಮೆಚ್ಚುವವರೊಂದಿಗೆ ನನ್ನ ಜಗಳವಿಲ್ಲ. ನನಗೆ ಮಾತ್ರ ಕಪ್ಪು ಕೂದಲಿನ, ತನ್ನ ಮೇಲೆ ತಾನೇ ಸಿಟ್ಟಾಗಿರುವ ಆ 1964ರ ಅಜ್ನವೂರ್ ಸಾಕು.