20 ಲೀಟರ್ ತುಂಗಾ ಪಾನ

ಮಳೆಗಾಲದಲ್ಲಿ ಶಿವಮೊಗ್ಗದವರು ಹವಾಮಾನ ವರದಿ ಕೇಳುವುದಿಲ್ಲ. 'ಮಂಟಪ ಮುಳುಗಿತಾ?' ಅಂತ ಕೇಳುತ್ತಾರೆ. ಕೋರ್ಪಲಯ್ಯನ ಛತ್ರದ ಹತ್ತಿರ ತುಂಗಾ ಹೊಳೆಯೊಳಗೆ ನಿಂತ ಕಲ್ಲುಮಂಟಪವೇ ನಮ್ಮ ಮಳೆಮಾಪಕ. ಗಾಜನೂರು ಅಣೆಕಟ್ಟಿನಲ್ಲಿ ಗೇಟ್ ತೆಗೆದರೆ ಸಾಕು, ಊರೆಲ್ಲ ಸೇತುವೆ ಮೇಲೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲ್. ಆಮೇಲೆ ದೊಡ್ಡವರು ಬಂದು ಬಾಗಿನ ಬಿಡುತ್ತಾರೆ. ಮೊರ, ಅರಿಶಿನ, ಕುಂಕುಮ, ಬಳೆ, ಎಲ್ಲ ಶಾಸ್ತ್ರೋಕ್ತ. ಅದನ್ನು ತಂದ ಪ್ಲಾಸ್ಟಿಕ್ ಕವರ್ ಕೂಡ ಹಿಂದೆಯೇ ತೇಲಿಹೋಗುತ್ತದೆ. ಮುತ್ತೈದೆಗೆ ಕೊಟ್ಟದ್ದನ್ನು ವಾಪಸ್ ತಗೊಳ್ಳಬಾರದು, ಅಲ್ವಾ?

ಹೊಳೆ ನೋಡಿಕೊಂಡು ಮನೆಗೆ ಬಂದು ನಲ್ಲಿ ತಿರುಗಿಸಿದೆ. ಗಾಳಿ ಬಂತು. ವಿಚಾರಿಸಿದರೆ, 'ಹೊಳೇಲಿ ನೀರು ಜಾಸ್ತಿ ಸಾರ್, ಬರೀ ಕೆಸರು. ಅದಕ್ಕೇ ನೀರು ಬಿಟ್ಟಿಲ್ಲ' ಅಂದರು. ಬೇಸಿಗೆಯಲ್ಲಿ ನೀರಿಲ್ಲ, ಅದಕ್ಕೆ ನೀರಿಲ್ಲ. ಮಳೆಗಾಲದಲ್ಲಿ ನೀರಿದೆ, ಅದಕ್ಕೂ ನೀರಿಲ್ಲ. ಇದೇ ಹೊಳೆ ದಂಡೆಯ ಶೃಂಗೇರಿಯಲ್ಲೂ ಇಂಥ ವೇದಾಂತ ಸಿಗಲಿಕ್ಕಿಲ್ಲ.

'ಗಂಗಾ ಸ್ನಾನ, ತುಂಗಾ ಪಾನ' ಅಂತ ಹಿರಿಯರು ಹೇಳಿದ್ದು ಸುಮ್ನೆ ಅಲ್ಲ. ನಾವೂ ಆ ಮಾತು ಹೇಳುತ್ತೇವೆ, 20 ಲೀಟರ್ ಕ್ಯಾನ್ ಇಳಿಸಿಕೊಳ್ಳುತ್ತಾ. ಹಾಗಂತ ಸಂಪ್ರದಾಯ ಪೂರ್ತಿ ಬಿಟ್ಟಿಲ್ಲ. ಮಲೆನಾಡಿನ ಅಡಿಕೆ ಇಲ್ಲಿನ ಮಂಡಿಯಲ್ಲಿ 'ರಾಶಿ ಇಡಿ' ಅನ್ನೋ ದರ್ಜೆಯಲ್ಲಿ ಮಾರಾಟವಾಗಿ, ಉತ್ತರದ ಕಡೆ ಲಾರಿ ಹತ್ತಿ, ಗುಟ್ಕಾ ಚೀಟಿಯಾಗಿ ವಾಪಸ್ ಬಂದು, ಸೇತುವೆ ಮೇಲಿಂದ ಕೆಂಪಗೆ ಹೊಳೆಗೆ ಬೀಳುತ್ತದೆ. ಇದು ತುಂಗಾ ಪಾನ್.

2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ದಂಡೆಗೆ ವಾಕಿಂಗ್ ದಾರಿ ಬಂತು, ದೀಪ ಬಂತು. ಚರಂಡಿ ನೀರು ಹೊಳೆ ಸೇರುವ ಜಾಗವನ್ನು ಮೊದಲು ಮೂಗಿನಿಂದ ಹುಡುಕಬೇಕಿತ್ತು. ಈಗ ಬೆಳಕಿದೆ.

ನಾವು ಬಿಟ್ಟದ್ದೆಲ್ಲ ಸುಮಾರು 15 ಕಿಲೋಮೀಟರ್ ಕೆಳಗೆ, ಕೂಡಲಿಯಲ್ಲಿ, ಭದ್ರೆಯ ಜೊತೆ ಸೇರಿ ತೀರ್ಥವಾಗುತ್ತದೆ. ಮೊನ್ನೆ ಪರಿಚಯದವರೊಬ್ಬರು ಅಲ್ಲಿ ಮೂಗು ಹಿಡಿದು ಮೂರು ಮುಳುಗು ಹಾಕಿದರು. ತೀರ್ಥ ಒಯ್ಯಲು ಪಾತ್ರೆ ತಂದಿರಲಿಲ್ಲ. ಕಾರಿನಿಂದ ಬಾಟಲಿ ತೆಗೆದು, ಅದರಲ್ಲಿದ್ದ ಕ್ಯಾನ್ ನೀರನ್ನು ಹೊಳೆಗೆ ಚೆಲ್ಲಿ, ಸಂಗಮದ ನೀರು ತುಂಬಿಕೊಂಡರು.

'ಕುಡಿಯೋಕಾ?' ಅಂದೆ.

'ಛೆ ಛೆ, ದೇವರಿಗೆ.'