ಬಿಲ್ಡಿಂಗ್ ಕಟ್ಟಿದಾಂವ ಆಮ್ಯಾಲೂ ಫೋನ್ ಎತ್ತಬೇಕಲ್ರಿ

ಮೊನ್ನೆ ಹುಬ್ಬಳ್ಳ್ಯಾಗ ವ್ಯಾಪಾರಸ್ಥರದೊಂದು ಸಭಾಕ್ಕ ಹೋಗಿದ್ದೆ. ಮಾತಾಡಾಕ ಬಂದಾಂವ ಸ್ಕ್ರೀನ್ ಮ್ಯಾಲ ದುಬೈದ ಬುರ್ಜ್ ಖಲೀಫಾ ಫೋಟೋ ಹಾಕಿ, ಲೀಡರ್‌ಶಿಪ್ ಅಂದ್ರ ಇದು, ನಮ್ಮ ಹುಬ್ಬಳ್ಳಿ-ಧಾರವಾಡನೂ ಹಿಂಗ ಬೆಳೀಬೇಕು ಅಂದ. ಚಪ್ಪಾಳಿ ಜೋರ್ ಬಿತ್ತು. ನಾನೂ ಹೊಡದೆ, ಯಾಕಂದ್ರ ಬಾಜೂಕ ಕುಂತಾಂವ ನನ್ನ ಕ್ಲೈಂಟ್.

ನಾ ಎಂಟ್ ವರ್ಷ ದುಬೈದಾಗ ಸೈಟ್ ಸೂಪರ್‌ವೈಸರ್ ಆಗಿ ಬಿಸಲಾಗ ಒಣಗಿ ಬಂದಾಂವ, ಅಲ್ಲಿ ಕಲ್ತಿದ್ದು ಎತ್ತರ ಅಲ್ಲ. ಆ 828 ಮೀಟರ್ ಒಬ್ಬ ಲೀಡರ್ ಏರಿಸಿದ್ದೇನ್ರಿ? ಡಿಸೈನ್ ಶಿಕಾಗೋದವರದು, ಕಟ್ಟಿದ್ದು ಕೊರಿಯಾದ ಸ್ಯಾಮ್‌ಸಂಗ್, ಜೋಡಿ ಬೆಲ್ಜಿಯಂದ ಬೆಸಿಕ್ಸ್, ಅಲ್ಲಿಯವರದ ಅರಬ್‌ಟೆಕ್. ಇಷ್ಟ್ ದೇಶದ ಮಂದಿ ಕೂಡಿದ್ರ ಜಗಳ ಗ್ಯಾರಂಟಿ, ಹಂಗಾಗಿ ಇಂಥಾ ಕೆಲಸದಾಗ ಯಾರ ತಪ್ಪಿಗೆ ಯಾರು ಹೊಣೆ ಅನ್ನೂದು ಪಾಯಾ ತಗಿಯೂಕಿಂತ ಮೊದಲ ಕಾಗದದ ಮ್ಯಾಲ ಬಂದಿರ್ತೈತಿ. ನಾ ಇದ್ದಾಗ ಅಲ್ಲಿ ಕಾಯ್ದೆ ಏನಿತ್ತಂದ್ರ, ಬಿಲ್ಡಿಂಗ್ ಒಪ್ಪಿಸಿ 10 ವರ್ಷದೊಳಗ ಅದು ಕುಸದ್ರ, ಇಲ್ಲಾ ಗಟ್ಟಿತನಕ್ಕ ಧಕ್ಕಿ ಬರೂವಂಥ ದೋಷ ಕಂಡ್ರ ಕಾಂಟ್ರಾಕ್ಟರ್ರೂ ಡಿಸೈನ್ ಮಾಡಿದಾಂವನೂ ಇಬ್ಬರೂ ಹೊಣೆ. ಫ್ರಾನ್ಸಿನಾಗೂ ಇದ 10 ವರ್ಷ, ಅಲ್ಲಂತೂ 1978ರ ಕಾಯ್ದೆ ಪ್ರಕಾರ ಅದಕ್ಕ ವಿಮಾ ಬ್ಯಾರೆ ಕಡ್ಡಾಯ. (ದುಬೈ ಸ್ವರ್ಗ ಅಂತ ಹೇಳಾಕತ್ತಿಲ್ಲ ಮತ್ತ, ಜೂನ್ 15ರಿಂದ ಸಪ್ಟೆಂಬರ್ 15ರ ತನಕ ಹನ್ನೆರಡೂವರಿಯಿಂದ ಮೂರರ ಮಟ ಬಿಸಲಾಗ ಕೆಲಸ ಬಂದ್ ಅನ್ನೂ ರೂಲ್ ಯಾಕ ತರಬೇಕಾತು ಅನ್ನೂದು ಅಲ್ಲಿ ದುಡದಾವ್ರಿಗೆ ಗೊತ್ತು.)

ನಮ್ಮಲ್ಲೂ 2016ರ ರೇರಾ, ಅಂದ್ರ ರಿಯಲ್ ಎಸ್ಟೇಟ್ ಕಾಯ್ದಿಯೊಳಗ 5 ವರ್ಷದ ಹೊಣೆ ಐತಿ, ಸ್ಟ್ರಕ್ಚರ್ ದೋಷ ಇದ್ರ ಬಿಲ್ಡರ್ ತನ್ನ ಖರ್ಚಿನ್ಯಾಗ 30 ದಿನದಾಗ ಸರಿ ಮಾಡಿಕೊಡಬೇಕು. ಆದ್ರ ಅದು ಫ್ಲ್ಯಾಟ್, ಲೇಔಟ್ ಮಾರಾವ್ರಿಗೆ. 30-40 ಸೈಟಿನ್ಯಾಗ ಸಾಲಾ ತಗದು ಸ್ವಂತಕ್ಕ ಮನಿ ಕಟ್ಟಿಸಾಂವ ಯಾರ ಕಡೆ ಹೋಗ್ಬೇಕು?

ಅದ್ರಾಗ ನಮ್ಮ ಮಣ್ಣು ಸುಮ್ನ ಕುಂಡ್ರೂದಲ್ಲ. ಹುಬ್ಬಳ್ಳಿ ದಾಟಿ ನವಲಗುಂದ, ಗದಗ ಕಡೆ ಹೊಂಟ್ರ ಬರೇ ಎರಿ, ಅಂದ್ರ ಕಪ್ಪು ಮಣ್ಣು. ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಗಿಗೆ ಕೈ ಹೋಗೂವಷ್ಟು ಬಿರಿತೈತಿ, ಕೆಳಗಿನ ಗಟ್ಟಿ ಗರಸು ಹತ್ತೂತನಕ ಪಾಯಾ ಇಳಸಲಿಲ್ಲಂದ್ರ ಎರಡ್ ಮಳಿಗಾಲದಾಗ ಗ್ವಾಡಿ ಕಿಡಕಿ ಮೂಲಿಯಿಂದ ಅಡ್ಡ ಸೀಳತೈತಿ. ಎರಡ್ ಫೂಟ್ ಕಡಿಮಿ ತೋಡಿ ಉಳದ ರೊಕ್ಕ ಒಬ್ಬರ ಕಿಸೇಕ, ಬಿರುಕು ಮತ್ತೊಬ್ಬರ ಮನ್ಯಾಗ. ಮುಗಲೆತ್ತರ ಫೋಟೋ ತೋರಸಾವ್ರು ಈ ಎರಡ್ ಫೂಟಿನ ಬಗ್ಗೆ ಒಂದ್ ಮಾತ್ ಆಡಲಿಲ್ಲ ಅನ್ನೂದ ನನ್ನ ಸಿಟ್ಟು.

ರಸ್ತಾದ್ದೂ ಇದ ಕಥಿ. ನಮ್ಮ ಓಣಿ ಎರಡ್ ವರ್ಷದಾಗ ಮೂರ್ ಸಲ ಅಗದಾರ, ಮೊದಲ ಡ್ರೈನೇಜ್, ಆಮ್ಯಾಲ ನೀರಿನ ಪೈಪ್, ಕಡೀಕ ಕೇಬಲ್, ಯಾರನ್ನ ಕೇಳಿದ್ರೂ ಹಿಂದಿನವರ ಕಡೆ ಬಟ್ಟು ಮಾಡ್ತಾರ. 2016ರ ನವೆಂಬರ್ 8ಕ್ಕ ಜಪಾನಿನ ಫುಕುಓಕಾದಾಗ ಮೆಟ್ರೋ ಸುರಂಗದ ಕೆಲಸದಿಂದ ರಸ್ತಾನ ಕುಸದು 30 ಮೀಟರ್ ಅಗಲದ ಗುಂಡಿ ಬಿತ್ತಲ್ಲ, 15ಕ್ಕ ಮತ್ತ ಗಾಡಿ ಓಡಾಡಿದ್ವು, ಆ ಫೋಟೋ ನಾವೆಲ್ಲಾ ವಾಟ್ಸಾಪ್‌ನಾಗ ಕಳಿಸೇ ಕಳಿಸಿವಿ. ಮಂದಿ ವಾರದ ಲೆಕ್ಕ ನೋಡಿ ಬೆರಗಾದ್ರು. ನನಗ ಬೆರಗಾಗಿದ್ದು, ಕರೆಂಟು, ಗ್ಯಾಸು, ನೀರು, ಡ್ರೈನೇಜು ಎಲ್ಲಾ ಲೈನಿನವರೂ ಒಂದ ವಾರದಾಗ ಅದ ಗುಂಡ್ಯಾಗ ಕೆಲಸ ಮುಗಿಸಿ ಹೊರಗ ಬಂದಿದ್ದು!

ನಿನ್ನೆ ರಾತ್ರಿ ಧಾರವಾಡದ ಅಜ್ಜಾರೊಬ್ಬರು ಫೋನ್ ಮಾಡಿದ್ರು, ಮೂರ್ ವರ್ಷದ ಹಿಂದ ಅವರ ಮನಿ ನಾನ ಕಟ್ಟಿದ್ದು. "ತಮ್ಮಾ, ಮ್ಯಾಲಿನ ಬಾತ್‌ರೂಮ್ ಬಾಜೂ ಗ್ವಾಡಿ ಹಸಿ ಆಗೇತಿ, ಬರ್ತಿಯೋ, ನಂಬರ್ ಬ್ಲಾಕ್ ಮಾಡ್ತಿಯೋ?" ನಾವು ಬರಕೊಂಡ ಕಾಗದದಾಗ ಇದ್ದಿದ್ದು ಒಂದ ವರ್ಷದ ಹೊಣೆ. ನಾಳೆ ಮುಂಜಾನೆ ಪ್ಲಂಬರ್‌ನ ಕರ್ಕೊಂಡು ಚಿಗರಿ ಬಸ್ ಹತ್ತಾಂವ ಅದೀನಿ. ರೊಕ್ಕ ಕೇಳಬೇಕೋ ಬ್ಯಾಡೋ ಅನ್ನೂದು ಇನ್ನೂ ಬಗಿಹರದಿಲ್ಲ, ನಮ್ಮ ಮನಿಯಾಕಿ ಮಾತ್ರ ಕೇಳ್ರಿ ಅಂತಾಳ.